ಸತುವಿನ ಬೆರಳು

ಲೋಹಗಳಲ್ಲಿಯೂ ಕುಲಗೌರವವೆಂಬದುಂಟು. ಬಂಗಾರವು ದೇವರ ಮೈಮೇಲೆ, ಬೆಳ್ಳಿಯು ಪೂಜೆಯ ತಟ್ಟೆಯಲ್ಲಿ, ತಾಮ್ರವು ಸಂಧ್ಯಾವಂದನೆಯ ಪಂಚಪಾತ್ರೆಯಲ್ಲಿ ಮಾನ್ಯತೆಯನ್ನು ಪಡೆದಿರುವವು. ಸತುವಿಗೆ ಮಾತ್ರ ತನ್ನ ಹೆಸರಿನಿಂದ ಕರೆಯಿಸಿಕೊಳ್ಳುವ ಭಾಗ್ಯವು ವಿರಳ. ತಾಮ್ರದೊಡನೆ ಬೆರೆತರೆ ಅದು ಹಿತ್ತಾಳೆಯಾಗುವದು; ಮನೆಯ ಕೊಡವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವ ಗೃಹಿಣಿಯು ಅದರಲ್ಲಿ ಸತುವಿದೆಯೆಂದು ನೆನೆಯುವದಿಲ್ಲ. ಬೀದರದ ಕುಶಲಕರ್ಮಿಗಳು ಸತುವಿಗೆ ಸ್ವಲ್ಪ ತಾಮ್ರವನ್ನು ಕೂಡಿಸಿ ಎರಕಹೊಯ್ದು, ಮೈಮೇಲೆ ಬೆಳ್ಳಿಯ ತಂತಿಯನ್ನು ಕೂರಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪುಬಣ್ಣವನ್ನು ಬರಿಸುವರು. ನೋಡಿದವರು ಬೆಳ್ಳಿಯ ಬಳ್ಳಿಯನ್ನು ಹೊಗಳುವರೇ ಹೊರತು ಆ ಬಳ್ಳಿಯನ್ನು ಹೊತ್ತ ಸತುವನ್ನಲ್ಲ. ಸಂಸ್ಕೃತದ ರಸಗ್ರಂಥಗಳಲ್ಲಿ ಇದಕ್ಕೆ ಯಶದವೆಂದು ಹೆಸರು. ಅದಿರನ್ನು ಕಾಸಿ, ಅದರ ಆವಿಯನ್ನು ಕೆಳಮುಖವಾಗಿ ಇಳಿಸಿ, ತಣಿಸಿ ಲೋಹವನ್ನು ಹಿಡಿಯುವ ವಿದ್ಯೆಯು ರಾಜಸ್ಥಾನದ ಜಾವರದಲ್ಲಿ, ಯೂರೋಪದವರು ಅದನ್ನು ಅರಿಯುವದಕ್ಕಿಂತ ನೂರಾರು ವರ್ಷಗಳ ಮೊದಲೇ ನಡೆದಿತ್ತು.

ಇಷ್ಟು ಅಲ್ಪಮಾನ್ಯವಾದ ಈ ಲೋಹವು ಪ್ರಾಣಿಗಳ ಒಡಲಿನಲ್ಲಿ ಮಾಡುವ ಕೆಲಸವನ್ನು ತಿಳಿದರೆ ಲೋಹಗಳ ಪಂಕ್ತಿಯನ್ನೇ ತಿರುಗಿ ಹಾಕಬೇಕಾದೀತು. ಬೆಳೆದ ಮನುಷ್ಯನ ದೇಹದಲ್ಲಿ ಸತುವು ಇರುವದು 2ರಿಂದ 3 ಗ್ರಾಂ ಮಾತ್ರ. ಒಂದು ಸಣ್ಣ ಮೊಳೆಯ ತೂಕ. ಅಷ್ಟು ಅಲ್ಪಾಂಶದಲ್ಲಿ ಕೊರತೆಯಾದರೆ ಕೂಸು ಬೆಳೆಯದು, ಗಾಯ ಮಾಯದು. ಶಹಾಪುರ ಸುರಪುರಗಳ ಗದ್ದೆಯಲ್ಲಿ ನೆಟ್ಟ ಪೈರು ಕೂಡ ಏಳದು. ಇದು ಹೇಗೆಂಬದನ್ನು ವಿಚಾರಿಸುವದು ಈ ಪ್ರಬಂಧದ ಉದ್ದೇಶವು.

ಮೊದಲು ಒಂದು ಒಗಟು. ಮನುಷ್ಯನ ದೇಹವು ಅಸಂಖ್ಯಾತ ಜೀವಕೋಶಗಳಿಂದ ಕಟ್ಟಲ್ಪಟ್ಟಿರುವದೆಂಬದನ್ನು ಶಾಲೆಯ ಹುಡುಗರೂ ಬಲ್ಲರು. ಪ್ರೌಢವಾದ ಕೆಂಪು ರಕ್ತಕಣ ಮೊದಲಾದ ಕೆಲವನ್ನು ಬಿಟ್ಟರೆ, ಉಳಿದ ಪ್ರತಿಯೊಂದು ಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ನೂಲಿನ ರೂಪದಲ್ಲಿ ಒಂದು ಗ್ರಂಥವಿದೆ. ಅದರ ಲಿಪಿಗೆ ನಾಲ್ಕೇ ಅಕ್ಷರಗಳು. ತಂದೆಯಿಂದ ಬಂದ ಪ್ರತಿಯೊಂದು, ತಾಯಿಯಿಂದ ಬಂದ ಪ್ರತಿಯೊಂದು. ಒಂದೊಂದರಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಎರಡನ್ನೂ ಬಿಚ್ಚಿ ಎಳೆದರೆ ಸುಮಾರು 2 ಮೀಟರು ಉದ್ದವಾಗುವ ಈ ನೂಲು, ಮಿಲಿಮೀಟರಿನ ನೂರನೆಯ ಪಾಲಿಗಿಂತಲೂ ಚಿಕ್ಕದಾದ ಕೋಣೆಯಲ್ಲಿ ಸುತ್ತಿಕೊಂಡು ಕೂತಿದೆ. ಅದರಲ್ಲಿ ಪ್ರೋಟೀನುಗಳನ್ನು ಕಟ್ಟುವ ವಿಧಿಯನ್ನು ಹೇಳುವ ಅಧ್ಯಾಯಗಳು, ಅಂದರೆ ವಂಶವಾಹಿಗಳು, ಸುಮಾರು 20,000.

ಒಗಟು ಇರುವದು ಇಲ್ಲಿಯೇ. ಕಣ್ಣಿನ ಕೋಶದಲ್ಲಿರುವ ಗ್ರಂಥವೂ ಯಕೃತ್ತಿನ ಕೋಶದಲ್ಲಿರುವ ಗ್ರಂಥವೂ ಒಂದೇ. ಗ್ರಂಥವು ಒಂದೇ ಆದ ಮೇಲೆ ಕಣ್ಣು ಕಣ್ಣಾದದ್ದೇಕೆ? ಯಕೃತ್ತು ಯಕೃತ್ತಾದದ್ದೇಕೆ? ಅಂಗೈಯ ಚರ್ಮವು ಆಯುಷ್ಯವಿಡೀ ಹೊಸದಾಗುತ್ತಲೇ ಇರುವದು. ಹೃದಯದ ಸ್ನಾಯುವು ಬಾಲ್ಯ ಕಳೆದ ಮೇಲೆ ಬಹು ವಿರಳವಾಗಿ ಒಡೆದು ಎರಡಾಗುವದು. ಈ ಭೇದವನ್ನು ಯಾರು ವಿಧಿಸಿದರು?

ವ್ಯಾಕರಣವನ್ನು ಓದಿದವರಿಗೆ ಇದರ ಉತ್ತರವು ಕಠಿಣವಾಗಿ ತೋರದು. 'ಕೃ' ಎಂಬ ಧಾತುವು ಒಂದೇ. ಆದರೆ ಪ್ರತ್ಯಯಗಳ ಯೋಗದಿಂದ ಅದೇ ಕರ್ತೃವಾಗುವದು, ಕರ್ಮವಾಗುವದು, ಕ್ರಿಯೆಯಾಗುವದು, ಕಾರಣವಾಗುವದು. ಧಾತುಪಾಠವನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ವಾಕ್ಯವು ಹುಟ್ಟಲಾರದು. ಎಲ್ಲಿ ವಿಧಿ, ಎಲ್ಲಿ ನಿಷೇಧ, ಎಲ್ಲಿ ಉತ್ಸರ್ಗ, ಎಲ್ಲಿ ಅಪವಾದ ಎಂಬ ವಿವೇಕವು ಬೇಕು. ಜೀವಕೋಶದಲ್ಲಿಯೂ ಹಾಗೆಯೇ. ಯಾವ ಅಧ್ಯಾಯವನ್ನು ಈಗ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂಬದನ್ನು ನಿರ್ಣಯಿಸುವ ಪ್ರೋಟೀನುಗಳು ಬೇರೆ ಇವೆ. ಮನುಷ್ಯನಲ್ಲಿ ಇಂಥವು ಸುಮಾರು 1,600. ಅವುಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಒಂದೇ ಮಾದರಿಯವು. ಆ ಮಾದರಿಗೆ ವಿಜ್ಞಾನಿಗಳು ಕೊಟ್ಟ ಹೆಸರು 'ಸತುವಿನ ಬೆರಳು'.

ಈ ಬೆರಳನ್ನು ಮೊದಲು ಕಂಡದ್ದು ಕಪ್ಪೆಯ ತತ್ತಿಯಲ್ಲಿ. ಆಫ್ರಿಕೆಯ ಉಗುರುಗಪ್ಪೆಯ ಬೆಳೆಯುತ್ತಿರುವ ತತ್ತಿಗಳಲ್ಲಿ ಒಂದು ಪ್ರೋಟೀನು ಹೇರಳವಾಗಿ ದೊರೆಯುವದು. ಪ್ರೋಟೀನುಗಳನ್ನು ಕಟ್ಟುವ ಯಂತ್ರಕ್ಕೆ ಬೇಕಾದ ಒಂದು ಸಣ್ಣ ಆರ್.ಎನ್.ಎ.ಯ ವಂಶವಾಹಿಯನ್ನು ಹುಡುಕಿ, ಅಲ್ಲಿ ಕೂತು, ಅದರ ನಕಲು ತೆಗೆಯುವ ಕೆಲಸವನ್ನು ಪ್ರಾರಂಭಿಸುವದು ಅದರ ಧರ್ಮ. ಇಂಗ್ಲಂಡದ ಕೇಂಬ್ರಿಜ್ಜಿನಲ್ಲಿ ಏರನ್ ಕ್ಲಗ್ ಎಂಬ ಪಂಡಿತರು ತಮ್ಮ ಸಂಗಡಿಗರಾದ ಮಿಲ್ಲರ್, ಮೆಕ್‌ಲಾಕ್ಲನ್ ಎಂಬವರೊಡನೆ 1985ರಲ್ಲಿ ಇದರ ರಚನೆಯನ್ನು ಪ್ರಕಟಿಸಿದರು. ಕ್ಲಗ್ಗರಿಗೆ ಬೇರೊಂದು ಕೆಲಸಕ್ಕಾಗಿ 1982ರಲ್ಲಿಯೇ ನೊಬೆಲ್ ಪಾರಿತೋಷಕವು ದೊರೆತಿತ್ತು. ಕೀರ್ತಿಯ ಶಿಖರವನ್ನು ಮುಟ್ಟಿದ ಮೇಲೆ ಅವರು ಕಪ್ಪೆಯ ತತ್ತಿಯನ್ನು ಹಿಡಿದು ಕೂತರೆಂಬದು ವಿದ್ಯಾರ್ಥಿಗಳು ಮನಗಾಣತಕ್ಕ ಸಂಗತಿ.

ಆ ಪ್ರೋಟೀನಿನಲ್ಲಿ ಸುಮಾರು 30 ಅಮೈನೋ ಆಮ್ಲಗಳ ಒಂದು ಸರಣಿಯು ಒಂಬತ್ತು ಸಲ ಸ್ವಲ್ಪ ಸ್ವಲ್ಪ ವ್ಯತ್ಯಾಸದೊಡನೆ ಪುನರಾವರ್ತನೆಯಾಗುವದನ್ನು ಅವರು ಕಂಡರು. ಆದರೆ ಪ್ರತಿಯೊಂದು ಆವೃತ್ತಿಯಲ್ಲಿಯೂ ಎರಡು ಸಿಸ್ಟೀನ್, ಎರಡು ಹಿಸ್ಟಿಡೀನ್, ಹೀಗೆ ನಾಲ್ಕು ಆಮ್ಲಗಳು ಮಾತ್ರ ತಮ್ಮ ಸ್ಥಾನವನ್ನು ಬಿಟ್ಟಿರಲಿಲ್ಲ. ಈ ನಾಲ್ಕೂ ಕೂಡಿ ಒಂದು ಸತುವಿನ ಪರಮಾಣುವನ್ನು ನಾಲ್ಕು ದಿಕ್ಕಿನಿಂದ ಹಿಡಿದುಕೊಳ್ಳುವವು. ಸತುವು ಸಿಕ್ಕಿದ ಕೂಡಲೆ ಆ ಸಡಿಲವಾದ ಎಳೆಯು ಮಡಿಚಿ ಗಟ್ಟಿಯಾದ ಒಂದು ಬೆರಳಿನಂತಾಗುವದು. ಸತುವನ್ನು ತೆಗೆದರೆ ಮಡಿಕೆ ಬಿಚ್ಚಿ, ಪ್ರೋಟೀನು ಡಿ.ಎನ್.ಎ.ಯನ್ನು ಹಿಡಿಯುವ ಶಕ್ತಿಯನ್ನು ಕಳೆದುಕೊಳ್ಳುವದು. ಸತುವು ತಾನು ಅಕ್ಷರವನ್ನು ಮುಟ್ಟುವದಿಲ್ಲ, ಓದುವದಿಲ್ಲ. ಓದುವ ಬೆರಳು ಬೆರಳಾಗಿ ಇರುವಂತೆ ನಡುವೆ ನಿಂತು ಹಿಡಿಯುವದಷ್ಟೇ ಅದರ ಕೆಲಸ. ಬೀದರದ ಪಾತ್ರೆಯಲ್ಲಿ ಬೆಳ್ಳಿಯನ್ನು ಹೊತ್ತಂತೆಯೇ ಇದು.

ಬೆರಳು ಓದುವ ಬಗೆಯನ್ನು ತಿಳಿಯುವದಕ್ಕೆ ಹಳೆಯ ಓಲೆಗರಿಯನ್ನು ನೆನೆಯಬೇಕು. ತಾಳೆಯ ಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವು ಬರೆದದ್ದಲ್ಲ, ತೋಡಿದ್ದು. ಮಸಿಯು ಅಳಿಸಿಹೋದ ಗರಿಯ ಮೇಲೆ ಬೆರಳನ್ನು ಆಡಿಸಿದರೆ ಕೊರೆತವು ಕೈಗೆ ಹತ್ತುವದು. ಡಿ.ಎನ್.ಎ.ಯ ಎರಡು ಎಳೆಗಳು ಹುರಿಗೊಂಡಿರುವದರಿಂದ ಅದರ ಮೈಮೇಲೆ ಒಂದು ಅಗಲವಾದ ಕಾಲುವೆಯೂ ಒಂದು ಕಿರಿದಾದ ಕಾಲುವೆಯೂ ಸುತ್ತಿಕೊಂಡು ಹೋಗುವವು. ಸತುವಿನ ಬೆರಳು ಅಗಲವಾದ ಕಾಲುವೆಯಲ್ಲಿ ತನ್ನ ಸುರುಳಿಯಾದ ಭಾಗವನ್ನು ಇಳಿಸಿ, ಹುರಿಯನ್ನು ಬಿಚ್ಚದೆಯೇ, ಒಳಗಿನ ಅಕ್ಷರಗಳ ಅಂಚನ್ನು ತಡವಿ ಗುರುತಿಸುವದು. 1991ರಲ್ಲಿ ಪ್ಯಾವ್ಲೆಟಿಚ್, ಪ್ಯಾಬೊ ಎಂಬ ಇಬ್ಬರು ಅಮೇರಿಕೆಯಲ್ಲಿ ಮೂರು ಬೆರಳುಗಳುಳ್ಳ ಒಂದು ಪ್ರೋಟೀನು ಡಿ.ಎನ್.ಎ.ಯನ್ನು ಹಿಡಿದುಕೊಂಡಿರುವ ಸ್ಫಟಿಕವನ್ನು ಪರೀಕ್ಷಿಸಿ, ಒಂದೊಂದು ಬೆರಳು ಮುಖ್ಯವಾಗಿ ಮೂರು ಮೂರು ಅಕ್ಷರಗಳನ್ನು ಓದುವದೆಂದು ತೋರಿಸಿದರು.

ಇಲ್ಲಿ ಸ್ವಲ್ಪ ಲೆಕ್ಕವನ್ನು ಮಾಡಬೇಕು. ನಾಲ್ಕು ಅಕ್ಷರಗಳಿಂದ ಮೂರಕ್ಷರದ ಪದಗಳು 64 ಆಗುವವು. ಆದಕಾರಣ ಒಂದೇ ಬೆರಳಿನಿಂದ ವಿಳಾಸವು ತಿಳಿಯದು. ಮೂರಕ್ಷರದ ಅದೇ ಪದವು ಗ್ರಂಥದಲ್ಲಿ ಕೋಟಿಗಟ್ಟಲೆ ಸಲ ಬರುವದು. ಮೂರು ಬೆರಳುಗಳು ಕೂಡಿದರೆ ಒಂಬತ್ತಕ್ಷರ. ಅವುಗಳ ಭೇದಗಳು 2,62,144. ಆರು ಬೆರಳುಗಳು ಕೂಡಿದರೆ ಹದಿನೆಂಟಕ್ಷರ. ಆಗ ಭೇದಗಳು 6,800 ಕೋಟಿಯನ್ನು ಮೀರುವವು. ಗ್ರಂಥವಿಡೀ ಇರುವ ಅಕ್ಷರಗಳಿಗಿಂತ ಇದು ಇಪ್ಪತ್ತು ಪಟ್ಟು ಹೆಚ್ಚು. ಹೀಗೆ ಆರು ಬೆರಳುಗಳು ಒಟ್ಟಾದರೆ 300 ಕೋಟಿ ಅಕ್ಷರಗಳ ಅರಣ್ಯದಲ್ಲಿ ಒಂದೇ ಒಂದು ಸ್ಥಳವನ್ನು ತೋರಿಸಿಕೊಡಬಲ್ಲವು. ಒಂಟಿ ಬೆರಳು ಯಾವ ಕಾರ್ಯವನ್ನೂ ಸಾಧಿಸದು, ಮುಷ್ಟಿಯಾದರೆ ಸಾಧಿಸುವದೆಂಬ ಹಿರಿಯರ ಮಾತು ಇಲ್ಲಿ ಗಣಿತದಿಂದ ಸಿದ್ಧವಾಗುವದು.

ಆದರೆ ಸ್ಥಳವನ್ನು ತೋರಿಸಿದ ಮಾತ್ರಕ್ಕೆ ಕಾರ್ಯವಾಗಲಿಲ್ಲ. ಡಿ.ಎನ್.ಎ.ಯ ನೂಲು ಬಿಡಿಯಾಗಿ ಬಿದ್ದಿಲ್ಲ. ಹಿಸ್ಟೋನುಗಳೆಂಬ ಪ್ರೋಟೀನಿನ ಗುಂಡಿಗೆ ಸುತ್ತಿಕೊಂಡಿದೆ. ಸುತ್ತು ಸಡಿಲವಾದಲ್ಲಿ ನಕಲು ತೆಗೆಯುವ ಯಂತ್ರವು ಒಳಗೆ ಹೋಗಬಲ್ಲದು, ಬಿಗಿಯಾದಲ್ಲಿ ಹೋಗಲಾರದು. ಬೆರಳುಗಳ ಪ್ರೋಟೀನಿಗೆ ಒಂದು ಬಾಲದಂಥ ಭಾಗವೂ ಇರುವದು. ಕೆಲವದರ ಬಾಲವು ಸಡಿಲಿಸುವವರನ್ನು ಕರೆಯುವದು. ಕೆಲವದರ ಬಾಲವು ಬಿಗಿಯುವವರನ್ನು ಕರೆಯುವದು. ಬೆರಳು 'ಇಲ್ಲಿ' ಎಂದು ಹೇಳುವದು. ಬಾಲವು 'ತೆರೆ' ಎಂದೋ 'ಮುಚ್ಚು' ಎಂದೋ ಹೇಳುವದು. ವಿಧಿಯೂ ನಿಷೇಧವೂ ಹೀಗೆ ಒಂದೇ ಲಿಪಿಯ ಮೇಲೆ ನಡೆಯುವವು.

ಇನ್ನು ಕೋಶವಿಭಜನೆಯ ಮಾತು. ಬೆಳವಣಿಗೆಯೆಂದರೆ ಕೋಶವು ಒಡೆದು ಎರಡಾಗುವದು, ಎರಡು ನಾಲ್ಕಾಗುವದು. ಸಾಮಾನ್ಯ ಜನರು ಇದರಲ್ಲಿ ಹೆಚ್ಚುವದನ್ನೇ ಪುಣ್ಯವೆಂದು ಎಣಿಸುವರು. ಆದರೆ ಒಡೆಯುವದು ಎಷ್ಟು ಅವಶ್ಯವೋ ಒಡೆಯುವದನ್ನು ನಿಲ್ಲಿಸುವದೂ ಅಷ್ಟೇ ಅವಶ್ಯ. ಸತುವಿನ ಬೆರಳುಗಳಲ್ಲಿ ಎರಡನ್ನು ಒಂದರ ಪಕ್ಕದಲ್ಲೊಂದು ಇಟ್ಟು ನೋಡಿದರೆ ಇದು ಸ್ಪಷ್ಟವಾಗುವದು.

ಮೊದಲನೆಯದು ಇ.ಜಿ.ಆರ್.1 ಎಂಬದು. 1991ರಲ್ಲಿ ಸ್ಫಟಿಕವಾಗಿ ಕಂಡ ಮೂರು ಬೆರಳಿನ ಪ್ರೋಟೀನು ಇದೇ. ಸುಮ್ಮನಿದ್ದ ಕೋಶಕ್ಕೆ ಹೊರಗಿನಿಂದ ಬೆಳೆಯೆಂಬ ಸೂಚನೆ ಬಂದ ಕೆಲವೇ ನಿಮಿಷಗಳಲ್ಲಿ ಇದರ ವಂಶವಾಹಿಯು ಎಚ್ಚರಗೊಳ್ಳುವದು. ಹುಟ್ಟಿದ ಪ್ರೋಟೀನು ಇತರ ವಂಶವಾಹಿಗಳ ಬಾಗಿಲಿಗೆ ಹೋಗಿ ಅವುಗಳನ್ನು ಎಬ್ಬಿಸುವದು. ಊರಲ್ಲಿ ಡಂಗುರ ಸಾರುವ ತಳವಾರನಂಥದು ಇದರ ಕೆಲಸ. ಎರಡನೆಯದು ಡಬ್ಲ್ಯು.ಟಿ.1. ಇದನ್ನು 1990ರಲ್ಲಿ ಕಂಡುಹಿಡಿದರು. ಇದಕ್ಕೆ ನಾಲ್ಕು ಬೆರಳುಗಳು. ಅವುಗಳಲ್ಲಿ ಕೊನೆಯ ಮೂರು ಇ.ಜಿ.ಆರ್.1ರ ಬೆರಳುಗಳನ್ನು ಬಹಳ ಮಟ್ಟಿಗೆ ಹೋಲುವವು. ಆದ್ದರಿಂದ ಸರಿಸುಮಾರು ಅದೇ ವಿಳಾಸಕ್ಕೆ ಇದೂ ಹೋಗಬಲ್ಲದು; ಹೋದಲ್ಲಿ ಕೆಲವು ಸಂದರ್ಭಗಳಲ್ಲಿ ತೆರೆಯುವದು, ಅನೇಕ ಸಂದರ್ಭಗಳಲ್ಲಿ ಮುಚ್ಚುವದು. ಗರ್ಭದಲ್ಲಿ ಮೂತ್ರಪಿಂಡವು ರೂಪುಗೊಳ್ಳುವಾಗ ಇದು ಅತ್ಯವಶ್ಯ. ಒಡೆಯುತ್ತ ಹೋಗುವ ಎಳೆಯ ಕೋಶಗಳಿಗೆ 'ಇನ್ನು ಸಾಕು. ಇನ್ನು ನೀವು ಮೂತ್ರಪಿಂಡದ ಕೆಲಸವನ್ನು ಕಲಿಯಿರಿ' ಎಂದು ಹೇಳುವ ಉಪಾಧ್ಯಾಯನಂತೆ ಇದು ಇರುವದು.

ಈ ಉಪಾಧ್ಯಾಯನು ಇಲ್ಲವಾದರೆ ಏನಾಗುವದೆಂಬದಕ್ಕೆ ದೃಷ್ಟಾಂತವು ದಾರುಣವಾದದ್ದು. ಎಳೆಯ ಮಕ್ಕಳ ಮೂತ್ರಪಿಂಡದಲ್ಲಿ ಬೆಳೆಯುವ ಒಂದು ಕ್ಯಾನ್ಸರಿಗೆ, ಅದನ್ನು 1899ರಲ್ಲಿ ವಿವರಿಸಿದ ಮ್ಯಾಕ್ಸ್ ವಿಲ್ಮ್ಸ್ ಎಂಬ ಜರ್ಮನ್ ವೈದ್ಯರ ಹೆಸರಿನಿಂದ ವಿಲ್ಮ್ಸ್ ಗಡ್ಡೆಯೆಂದು ಕರೆಯುವರು. ಹೆಚ್ಚಾಗಿ ಐದು ವರ್ಷದೊಳಗಿನ ಮಕ್ಕಳಲ್ಲಿ ಇದು ತೋರುವದು. ಈ ರೋಗದ ಒಂದು ಪಾಲಿನ ಮಕ್ಕಳಲ್ಲಿ ಡಬ್ಲ್ಯು.ಟಿ.1 ವಂಶವಾಹಿಯೇ ಕೆಟ್ಟಿರುವದು. ಆ ಪ್ರೋಟೀನಿನ ಹೆಸರು ಬಂದದ್ದೂ ಇದರಿಂದಲೇ. ಕಲಿಯಬೇಕಾದ ಕೋಶಗಳು ಕಲಿಯದೆ, ಗರ್ಭದಲ್ಲಿ ಒಡೆದಂತೆ ಹುಟ್ಟಿದ ಮೇಲೆಯೂ ಒಡೆಯುತ್ತಲೇ ಇರುವವು.

ಈ ಗಡ್ಡೆಯನ್ನು ಮೊದಲು ಕಾಣುವವರು ಬಹುಮಟ್ಟಿಗೆ ವೈದ್ಯರಲ್ಲ. ಕೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಹೊಟ್ಟೆಯ ಒಂದು ಮಗ್ಗುಲಲ್ಲಿ ತಾಯಿಯ ಬೆರಳಿಗೆ ಏನೋ ಗಟ್ಟಿಯಾದದ್ದು ಹತ್ತುವದು. ಕೂಸು ಆಡುತ್ತಿರುವದು, ನಗುತ್ತಿರುವದು. ನೋವೆಂದು ಅಳುವದೂ ಅಪರೂಪ. ಹಳ್ಳಿಗಳಲ್ಲಿ 'ಹೊಟ್ಟ್ಯಾಗ ಗಡ್ಡಿ ಕಟ್ಟ್ಯದ, ತಿಕ್ಕಿದ್ರ ಕರಗತದ' ಎಂದು ಹಿರಿಯ ಹೆಂಗಸರು ಹೇಳುವದುಂಟು. ಈ ಗಡ್ಡೆಯನ್ನು ತಿಕ್ಕಬಾರದು, ಪದೇ ಪದೇ ಒತ್ತಿ ನೋಡಬಾರದು. ಅಂಥ ಕೂಸನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಒಂದು ಕಾಲಕ್ಕೆ ಮೃತ್ಯುವೇ ಆಗಿದ್ದ ಈ ರೋಗವು, ಬೇಗನೆ ಪತ್ತೆಯಾಗಿ ಶಸ್ತ್ರಕ್ರಿಯೆಯೂ ಔಷಧೋಪಚಾರವೂ ಸರಿಯಾಗಿ ನಡೆದರೆ ಇಂದು ಬಹುಪಾಲು ಗುಣವಾಗುವದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಲ್ಲಿ ಮಕ್ಕಳ ಕ್ಯಾನ್ಸರಿಗೆ ಚಿಕಿತ್ಸೆಯುಂಟು. ಯಾದಗಿರಿಯಿಂದ ಅಲ್ಲಿಗೆ ರಾತ್ರಿಯ ರೈಲಿನ ದೂರವು ದೊಡ್ಡದೇ. ಆದರೆ ತಿಕ್ಕುತ್ತ ಕಳೆದ ಎರಡು ತಿಂಗಳಿನ ದೂರವು ಅದಕ್ಕಿಂತ ದೊಡ್ಡದು. ಒಳಗಿನ ಬೆರಳು ತಪ್ಪಿದಲ್ಲಿ ಹೊರಗಿನ ಬೆರಳು, ಅಂದರೆ ತಾಯಿಯ ಬೆರಳು, ಕಾಯಬಲ್ಲದು. ಅದಕ್ಕೆ ತಿಳುವಳಿಕೆಯ ಬೆಂಬಲ ಬೇಕು.

ಮುಚ್ಚುವ ಬೆರಳೆಲ್ಲ ಉಪಕಾರಿ, ತೆರೆಯುವದೆಲ್ಲ ಅಪಾಯಕಾರಿ ಎಂದು ಇದರಿಂದ ಎಣಿಸಬಾರದು. ವಿರುದ್ಧವಾದ ದೃಷ್ಟಾಂತವೂ ಇದೆ. ಗರ್ಭದ ಶಿಶುವಿನ ರಕ್ತದಲ್ಲಿ ಒಂದು ಬಗೆಯ ಹಿಮೋಗ್ಲೋಬಿನ್ನು ಇರುವದು; ಹುಟ್ಟಿದ ಕೆಲವು ತಿಂಗಳುಗಳಲ್ಲಿ ಅದು ನಿಂತು ಬೇರೊಂದು ಬಗೆಯದು ಬರುವದು. ಹಳೆಯದರ ಬಾಗಿಲನ್ನು ಮುಚ್ಚುವದು ಬಿ.ಸಿ.ಎಲ್.11ಎ ಎಂಬ ಸತುವಿನ ಬೆರಳಿನ ಪ್ರೋಟೀನೆಂದು 2008ರಲ್ಲಿ ವಿಜಯ್ ಶಂಕರನ್, ಸ್ಟುವರ್ಟ್ ಆರ್ಕಿನ್ ಮೊದಲಾದವರು ತೋರಿಸಿದರು. ಆರೋಗ್ಯವಂತರಿಗೆ ಈ ಬದಲಾವಣೆಯಿಂದ ಬಾಧೆಯಿಲ್ಲ. ಆದರೆ ಕುಡುಗೋಲು ರಕ್ತಕಣದ ರೋಗವಿದ್ದ ಕೂಸಿಗೆ ಹೊಸ ಹಿಮೋಗ್ಲೋಬಿನ್ನೇ ದೋಷವುಳ್ಳದ್ದು. ಹಳೆಯದು ಇರುವ ತನಕ ಕೂಸು ಸುಖವಾಗಿದ್ದು, ಅದು ನಿಂತ ಮೇಲೆ ನೋವಿಗೆ ಈಡಾಗುವದು. ಭಾರತದಲ್ಲಿ ಈ ರೋಗವನ್ನು 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿ ಮೊದಲು ಗುರುತಿಸಿದರು. ಕರ್ನಾಟಕದ ದಕ್ಷಿಣದ ಕಾಡಿನಂಚಿನ ಗಿರಿಜನರಲ್ಲಿಯೂ ಇದು ಇರುವದು.

ಮುಚ್ಚಿದ ಬಾಗಿಲನ್ನು ತಿರುಗಿ ತೆರೆಯುವ ಉಪಾಯವು ಈಗ ದೊರೆತಿದೆ. ರೋಗಿಯ ರಕ್ತಮೂಲಕೋಶಗಳನ್ನು ಹೊರಗೆ ತೆಗೆದು, ಕೆಂಪು ರಕ್ತಕಣಗಳಲ್ಲಿ ಬಿ.ಸಿ.ಎಲ್.11ಎಯನ್ನು ಎಬ್ಬಿಸುವ ಒಂದು ಸಣ್ಣ ಸ್ಥಳವನ್ನು ಕತ್ತರಿಸಿ ಕೆಡಿಸಿ, ಆ ಕೋಶಗಳನ್ನು ಅವನಿಗೇ ತಿರುಗಿ ಕೊಡುವರು. ಆ ಸ್ಥಳದಲ್ಲಿ ಬಂದು ಕೂಡ್ರುವದು ಗಾಟಾ1 ಎಂಬ ಇನ್ನೊಂದು ಸತುವಿನ ಬೆರಳಿನ ಪ್ರೋಟೀನು. ಹೀಗೆ ಒಂದು ಬೆರಳಿಗೆ ಊರಲು ಸ್ಥಳವಿಲ್ಲದಂತೆ ಮಾಡಿ, ಇನ್ನೊಂದು ಬೆರಳಿನ ಬಿಗಿಯನ್ನು ಸಡಿಲಿಸಿದಂತಾಯಿತು. ಈ ಚಿಕಿತ್ಸೆಗೆ 2023ರ ನವೆಂಬರದಲ್ಲಿ ಬ್ರಿಟನ್ನೂ ಡಿಸೆಂಬರದಲ್ಲಿ ಅಮೇರಿಕೆಯೂ ಒಪ್ಪಿಗೆಯನ್ನು ಕೊಟ್ಟವು. ಅಮೇರಿಕೆಯಲ್ಲಿ ಇದಕ್ಕೆ ಇಟ್ಟ ಬೆಲೆಯು ಒಬ್ಬ ರೋಗಿಗೆ 22 ಲಕ್ಷ ಡಾಲರು. ಜ್ಞಾನವು ಕೈಗೆ ಬಂದಿತು. ಬೆಲೆಯು ಕೈಗೆ ಬರಲಿಲ್ಲ.

ಇಂಥ ದುಬಾರಿ ಚಿಕಿತ್ಸೆಯ ಮಾತನ್ನು ಬಿಟ್ಟು, ಕಾಸಿಗೆ ಸಿಕ್ಕುವ ಸತುವಿನ ಕಡೆಗೆ ತಿರುಗಿ ಬರೋಣ. ಬೆರಳನ್ನು ಕಟ್ಟುವ ವಿಧಿಯನ್ನು ಗ್ರಂಥವು ಕೊಡುವದು. ಸತುವನ್ನು ಮಾತ್ರ ಅನ್ನವೇ ಕೊಡಬೇಕು. ಮನುಷ್ಯನು ಇದಕ್ಕೆ ಕೊರತೆಪಡಬಹುದೆಂಬದನ್ನು ಮೊದಲು ತೋರಿಸಿದವರು ಬಿಹಾರದ ಬಕ್ಸರಿನಲ್ಲಿ ಹುಟ್ಟಿದ ಡಾಕ್ಟರ್ ಆನಂದ ಪ್ರಸಾದರು. ಇರಾಣದ ಶಿರಾಜಿನಲ್ಲಿ ಅವರ ಬಳಿಗೆ ಬಂದ ರೋಗಿಯೊಬ್ಬನಿಗೆ ವಯಸ್ಸು 21. ನೋಟಕ್ಕೆ ಹತ್ತು ವರ್ಷದ ಹುಡುಗ. ಅವನ ಆಹಾರವು ಹುದುಗಿಲ್ಲದ ಗೋದಿಯ ರೊಟ್ಟಿ. ಜೊತೆಗೆ ಮಣ್ಣು ತಿನ್ನುವ ಚಟ. ಇಂಥವರ ವೃತ್ತಾಂತವನ್ನು 1961ರಲ್ಲಿ ಪ್ರಕಟಿಸಿದ ಅವರು, ಬಳಿಕ ಈಜಿಪ್ತದಲ್ಲಿ ಅಂಥ ರೋಗಿಗಳ ದೇಹದಲ್ಲಿ ಸತುವು ಕಡಿಮೆಯಿರುವದನ್ನು ಸಿದ್ಧಪಡಿಸಿದರು. ಸತುವನ್ನು ಕೊಟ್ಟಾಗ ನಿಂತುಹೋದ ಬೆಳವಣಿಗೆಯು ಒಂದು ವರ್ಷದಲ್ಲಿ ಐದು ಇಂಚಿನ ವರೆಗೂ ಮುಂದುವರಿಯಿತು. ಮೊದಲು ನಂಬದ ವಿದ್ವಾಂಸರು ಕ್ರಮೇಣ ನಂಬಿದರು. 1974ರಲ್ಲಿ ಅಮೇರಿಕೆಯ ವಿಜ್ಞಾನ ಅಕಾಡೆಮಿಯು ಸತುವನ್ನು ದಿನದ ಆಹಾರದಲ್ಲಿ ಇರತಕ್ಕ ವಸ್ತುಗಳ ಪಟ್ಟಿಗೆ ಸೇರಿಸಿತು.

ಈ ವೃತ್ತಾಂತವು ಯಾದಗಿರಿ ಸೀಮೆಯವರಿಗೆ ದೂರದ ಕಥೆಯಲ್ಲ. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಈ ಜಿಲ್ಲೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಕಂಡುಬಂದಿತು. ಇದಕ್ಕೆ ಸತುವೊಂದೇ ಕಾರಣವೆಂದರೆ ಅದು ಅತಿವ್ಯಾಪ್ತಿ. ಎಳೆಯ ವಯಸ್ಸಿನ ಮದುವೆ, ಬಸುರಿಯ ಅರೆಹೊಟ್ಟೆ, ಕೆಟ್ಟ ನೀರು, ದುಡಿಯಲು ಊರು ಬಿಟ್ಟು ಹೋಗುವ ತಾಯ್ತಂದೆಗಳು ಎಂದು ಕಾರಣಗಳ ಮಾಲೆಯೇ ಇದೆ. ಸತುವಿನ ಕೆಲಸವೂ ಬೆರಳನ್ನು ಕಟ್ಟುವದೊಂದೇ ಅಲ್ಲ, ಡಿ.ಎನ್.ಎ.ಯ ನಕಲು ತೆಗೆಯುವವೇ ಮೊದಲಾದ ನೂರಾರು ಕಿಣ್ವಗಳಿಗೂ ಅದು ಬೇಕು. ಆದರೂ ಮಾಲೆಯಲ್ಲಿ ಈ ಮಣಿಯೂ ಒಂದೆಂಬದು ನಿಶ್ಚಯ. ಜೋಳದ ರೊಟ್ಟಿಯು ಈ ನಾಡಿನ ಜೀವ; ಆದರೆ ಜೋಳ, ಗೋದಿ, ಕಾಳುಗಳ ಸಿಪ್ಪೆಯಲ್ಲಿರುವ ಫೈಟಿಕ್ ಆಮ್ಲವು ಸತುವನ್ನು ಹಿಡಿದುಕೊಂಡು ಕರುಳಿಗೆ ಬಿಟ್ಟುಕೊಡುವದಿಲ್ಲ. ಕಾಳನ್ನು ನೆನೆಯಿಟ್ಟರೆ, ಮೊಳಕೆ ಬರಿಸಿದರೆ, ಹಿಟ್ಟನ್ನು ಹುಳಿಯಿಸಿದರೆ ಆ ಹಿಡಿತವು ಸಡಿಲವಾಗುವದು. ಮಡಿಕೆಕಾಳಿನ ಮೊಳಕೆ, ಹುಳಿಯಂಬಲಿ, ರೊಟ್ಟಿಯೊಡನೆ ಎಳ್ಳು ಶೇಂಗಾಗಳ ಹಿಂಡಿ, ಒಪ್ಪುವವರಿಗೆ ಮೊಟ್ಟೆ ಮಾಂಸ. ಇವು ಅಜ್ಜಿಯರು ರುಚಿಗೆಂದು ಮಾಡುತ್ತ ಬಂದವುಗಳು, ಶಾಸ್ತ್ರಕ್ಕೂ ಸಮ್ಮತವಾದವುಗಳು.

ಇನ್ನೊಂದು ಮಾತು. ಕರುಳಿನ ಒಳಪದರವು ಕೆಲವೇ ದಿನಗಳಿಗೊಮ್ಮೆ ಪೂರ್ತಿಯಾಗಿ ಹೊಸದಾಗುವದು. ದೇಹದಲ್ಲಿ ಕೋಶವಿಭಜನೆಯು ಅತ್ಯಂತ ವೇಗವಾಗಿ ನಡೆಯುವ ಸ್ಥಳಗಳಲ್ಲಿ ಅದೊಂದು. ಕೂಸಿಗೆ ಭೇದಿಯಾದಾಗ ಆ ಪದರವು ಕೆಡುವದು, ಸತುವೂ ಮಲದೊಡನೆ ಹೊರಗೆ ಹೋಗುವದು. ಕಟ್ಟಬೇಕಾದ ಹೊತ್ತಿಗೇ ಸಾಮಗ್ರಿಯು ಖರ್ಚಾಗುವದು. ಆದ್ದರಿಂದಲೇ 2004ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫೂ, ಭೇದಿಯಾದ ಮಕ್ಕಳಿಗೆ ಉಪ್ಪು ಸಕ್ಕರೆಯ ಜೀವಜಲದೊಡನೆ 10ರಿಂದ 14 ದಿವಸ ಸತುವಿನ ಗುಳಿಗೆಯನ್ನೂ ಕೊಡಬೇಕೆಂದು ವಿಧಿಸಿದವು. ಆಶಾ ಕಾರ್ಯಕರ್ತೆಯರು ಆ ಗುಳಿಗೆಯನ್ನು ಮನೆಗೆ ತಂದುಕೊಡುವರು. ಭೇದಿಯು ಮೂರನೆಯ ದಿನಕ್ಕೆ ನಿಂತಿತೆಂದು ಉಳಿದ ಗುಳಿಗೆಗಳನ್ನು ಗೂಡಿನಲ್ಲಿ ಇಟ್ಟುಬಿಡುವದು ರೂಢಿ. ರೋಗವು ನಿಂತಿತು, ಕಟ್ಟಡವು ಮುಗಿದಿಲ್ಲ; ಉಳಿದ ಗುಳಿಗೆಗಳು ಇರುವದು ಆ ಕಟ್ಟಡಕ್ಕೆ.

ಅನ್ನದ ಸತುವು ಎಲ್ಲಿಂದ ಬರಬೇಕು? ಮಣ್ಣಿನಿಂದಲೇ. ಶಹಾಪುರ ಸುರಪುರಗಳ ಎರೆಭೂಮಿಯು ಒಂದು ಕಾಲಕ್ಕೆ ಮಳೆಯನ್ನೇ ನಂಬಿ ಜೋಳ, ತೊಗರಿ, ಹತ್ತಿಗಳನ್ನು ಬೆಳೆಯುತ್ತಿತ್ತು. 1982ರಲ್ಲಿ ನಾರಾಯಣಪುರದ ಬಸವಸಾಗರವು ಸಿದ್ಧವಾಗಿ, ಕೃಷ್ಣೆಯ ನೀರು ಎಡದಂಡೆಯ ಕಾಲುವೆಯಲ್ಲಿ ಹರಿದು ಬಂದ ಮೇಲೆ ಭತ್ತದ ಗದ್ದೆಗಳು ಹಬ್ಬಿದವು. ಸುಣ್ಣದ ಅಂಶವುಳ್ಳ ಎರೆಮಣ್ಣಿನಲ್ಲಿ ಸತುವು ಇದ್ದರೂ ಬೇರಿಗೆ ದೊರೆಯುವದು ಕಡಿಮೆ. ನೀರು ನಿಲ್ಲಿಸಿದ ಗದ್ದೆಯಲ್ಲಿ ಇನ್ನೂ ಕಡಿಮೆ. ಮೇಲಿಂದ ಮೇಲೆ ರಂಜಕದ ಗೊಬ್ಬರವನ್ನು ಸುರಿದರೆ ಮತ್ತೂ ಕಡಿಮೆ. ನೆಟ್ಟ ಎರಡು ಮೂರು ವಾರಗಳಲ್ಲಿ ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಮೂಡಿ ಪೈರು ಕುಂಠಿತವಾಗುವದು. 'ಎಷ್ಟು ಯೂರಿಯಾ ಹಾಕಿದ್ರೂ ಪೈರ ಏಳವಲ್ದು' ಎಂದು ರೈತನು ಹೇಳುವದು ಇಂಥ ಹೊತ್ತಿನಲ್ಲಿಯೇ. ಹಿಮಾಲಯದ ತಪ್ಪಲಿನ ಪಂತನಗರದಲ್ಲಿ ಇದೇ ತರದ ರೋಗಕ್ಕೆ ಖೈರಾ ಎಂದು ಹೆಸರಿತ್ತು. ಅದು ಕ್ರಿಮಿಯಿಂದ ಬಂದದ್ದಲ್ಲ, ಸತುವಿನ ಕೊರತೆಯೆಂದು 1966ರಲ್ಲಿ ಪ್ರೊಫೆಸರ್ ವೈ. ಎಲ್. ನೇನೆಯವರು ತೋರಿಸಿದರು. 2009ರಲ್ಲಿ ಕರ್ನಾಟಕ ಸರಕಾರವು ಪಟಾಂಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯೊಡನೆ ಪ್ರಾರಂಭಿಸಿದ ಭೂಚೇತನ ಯೋಜನೆಯಲ್ಲಿ ಮಣ್ಣನ್ನು ಪರೀಕ್ಷಿಸಿದಾಗ, ರಾಜ್ಯದ ಹೊಲಗಳಲ್ಲಿ ಸತು, ಬೋರಾನ್, ಗಂಧಕಗಳ ಕೊರತೆಯು ವ್ಯಾಪಕವಾಗಿರುವದು ಕಂಡುಬಂದಿತು.

ಗಿಡಗಳಿಗೂ ಸತುವಿನ ಬೆರಳುಗಳುಂಟೆಂಬದನ್ನು ಇಲ್ಲಿ ನೆನೆಯತಕ್ಕದ್ದು. ಸಾಸಿವೆಯ ಕುಲದ ಒಂದು ಸಣ್ಣ ಗಿಡದಲ್ಲಿ ಅಂಥ ಒಂದು ಬೆರಳು ಹೂವಿನ ಒಳಸುತ್ತುಗಳ ಗಡಿಯನ್ನು ಕಾಯುವದೆಂದು 1995ರಲ್ಲಿ ತಿಳಿಯಿತು. ಅದು ಕೆಟ್ಟರೆ ಕೇಸರಗಳು ಮಿತಿಮೀರಿ ಹುಟ್ಟಿ, ನಡುವೆ ಬೀಜ ಕಟ್ಟುವ ಭಾಗವು ಕುಂದುವದು. ಮನುಷ್ಯನಿಗೂ ಹೂವಿಗೂ ಒಂದೇ ನೀತಿ. ಪರಿಹಾರವು ಸುಲಭವಾದದ್ದು: ಮಣ್ಣಿನ ಪರೀಕ್ಷೆಯಲ್ಲಿ ಕೊರತೆ ಕಂಡರೆ ಎಕರೆಗೆ ಸುಮಾರು 10 ಕಿಲೋ ಸತುವಿನ ಸಲ್ಫೇಟು. ರಂಜಕದ ಗೊಬ್ಬರದೊಡನೆ ಅದನ್ನು ಬೆರೆಸಬಾರದು. ಬೆರೆಸಿದರೆ ಎರಡೂ ಕೂಡಿ ಕರಗದ ಗಂಟಾಗುವವು. ಭೀಮರಾಯನಗುಡಿಯ ಕೃಷಿ ಮಹಾವಿದ್ಯಾಲಯ, ಕವಡಿಮಟ್ಟಿಯ ಕೃಷಿ ವಿಜ್ಞಾನ ಕೇಂದ್ರ ಇವು ಈ ಸೀಮೆಯಲ್ಲಿಯೇ ಇರುವಾಗ ಕೇಳಿ ತಿಳಿಯುವದಕ್ಕೆ ಅಡ್ಡಿಯಿಲ್ಲ. ಅಲ್ಪವೆಂದು ಬಿಡಬಾರದೆಂಬಂತೆ ಅಲ್ಪವೆಂದು ಅತಿಯಾಗಿಯೂ ಸುರಿಯಬಾರದು. ಸತುವು ದೇಹದಲ್ಲಿ ಬಹಳ ಕಾಲ ಮಿತಿಮೀರಿದರೆ ತಾಮ್ರವು ಕಡಿಮೆಯಾಗಿ ರಕ್ತವು ಕ್ಷೀಣಿಸುವದು. ಅತಿಯಾದರೆ ಅಮೃತವೂ ವಿಷವೆಂಬದು ಈ ಲೋಹಕ್ಕೂ ಸಲ್ಲುವ ಮಾತು.

ಬೆಳೆಯುವದೇ ಜೀವದ ಲಕ್ಷಣವೆಂದು ಲೋಕವು ಹೇಳುವದು. ಜೀವಕೋಶದ ಗ್ರಂಥವನ್ನು ಬಿಚ್ಚಿ ನೋಡಿದರೆ, ಎಲ್ಲಿ ಬೆಳೆಯಬೇಕು, ಎಲ್ಲಿ ನಿಲ್ಲಬೇಕೆಂಬ ಅರಿವೇ ಜೀವದ ಲಕ್ಷಣವೆಂದು ತೋರುವದು. ಬೆಳವಣಿಗೆಯು ನಿಂತ ಕೂಸನ್ನು ಕಂಡು ಮರುಗುವ ಮನಸ್ಸು, ಬೆಳವಣಿಗೆಯು ನಿಲ್ಲದ ಗಡ್ಡೆಯನ್ನು ಕಂಡು ಬೆದರುವದು. ಎರಡರ ನಡುವಿನ ಗೆರೆಯನ್ನು ತಡವಿ ಓದುವ ಬೆರಳು ಕಣ್ಣಿಗೆ ಕಾಣದಷ್ಟು ಕಿರಿದು. ಅದರ ಗೆಣ್ಣಿನಲ್ಲಿ ಕೂತ ಲೋಹವು ಯಾವ ಪಂಕ್ತಿಯಲ್ಲಿಯೂ ಮಾನವನ್ನು ಬೇಡದ ಸತುವು. ಅದಕ್ಕೆ ಸಲ್ಲತಕ್ಕ ಗೌರವವೆಂದರೆ ಹೊಗಳಿಕೆಯಲ್ಲ. ಗದ್ದೆಗೆ ಎಕರೆಗೆ ಹತ್ತು ಕಿಲೋ, ತಟ್ಟೆಗೆ ಒಂದು ಹಿಡಿ ಮೊಳಕೆಕಾಳು, ಭೇದಿಯಾದ ಕೂಸಿಗೆ ಹದಿನಾಲ್ಕನೆಯ ದಿನದ ಆ ಕಡೆಯ ಗುಳಿಗೆ.